ಸುತ್ತಲೂ ಮಳೆ, ಆದರೂ ಕ್ಯಾಲಥಿಯಾದ ಅಂಚು ಒಣಗುವುದೇಕೆ?

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿ. ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ನವಿಲುಗರಿಯಂಥ ಎಲೆಯ ಕ್ಯಾಲಥಿಯಾ ತಂದೆವು. ಆರಿಂಚಿನ ಪ್ಲಾಸ್ಟಿಕ್ ಕುಂಡವನ್ನು ಪಿಂಗಾಣಿ ಕುಂಡದೊಳಗೆ ಇಳಿಸಿ ಹಾಲ್‌ನಲ್ಲಿ ಟಿ.ವಿ. ಪಕ್ಕ ಇಟ್ಟಿದ್ದೇವೆ. ಮಾರಿದವರು ಹೇಳಿದಂತೆ ಮೂರು ದಿನಕ್ಕೊಮ್ಮೆ ಒಂದು ಲೋಟ ನೀರು, ದಿನಕ್ಕೆರಡು ಸಲ ಎಲೆಗೆ ಸ್ಪ್ರೇ. ಮೇ ತನಕ ಚೆನ್ನಾಗಿತ್ತು. ಜುಲೈನಿಂದ ಎಲೆಯಂಚು ಕಂದಾಗಿ ಸುರುಟಿಕೊಳ್ಳುತ್ತಿದೆ. ಕೆಳಗಿನ ಎಲೆಗಳು ಹಳದಿ, ಮಣ್ಣಿನ ಮೇಲೆ ಬಿಳಿ ಬೂಷ್ಟು, ಸುತ್ತ ಸಣ್ಣ ಕಪ್ಪು ನೊಣ. ಗಾಳಿ ಒಣಗಿರಬೇಕೆಂದು ಸ್ಪ್ರೇ ಹೆಚ್ಚಿಸಿದೆವು, ಪ್ರಯೋಜನವಾಗಲಿಲ್ಲ. ತೋಟಕ್ಕೆ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ) ಉಳಿದಿದೆ, ಹೊಡೆಯಬಹುದೇ? ಕುಶಾಲನಗರದ ತಂಗಿ ಒಂದು ಮರಿ ಕೇಳುತ್ತಿದ್ದಾಳೆ. ಕೊಡುವಷ್ಟಾದರೂ ಗಿಡ ಉಳಿದೀತೇ?

ಉತ್ತರ: ಮೊದಲು ಸ್ಪ್ರೇ ಬಾಟಲಿ ಎತ್ತಿಡಿ. ಆಮೇಲೆ ಪ್ಲಾಸ್ಟಿಕ್ ಕುಂಡವನ್ನು ಪಿಂಗಾಣಿಯಿಂದ ಹೊರತೆಗೆದು ತಳ ನೋಡಿ. ಅಲ್ಲಿ ಒಂದೆರಡು ಬೆರಳು ಕಂದು ನೀರು ನಿಂತು ಚರಂಡಿ ವಾಸನೆ ಬರುತ್ತಿದ್ದರೆ ಕಾಯಿಲೆ ಏನೆಂದು ಅರ್ಧ ತಿಳಿದಂತೆಯೇ. ಬುಡವನ್ನು ಹೆಬ್ಬೆರಳಿನಿಂದ ಒತ್ತಿ. ತೊಟ್ಟುಗಳು ಮಣ್ಣು ಸೇರುವ ಜಾಗ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಬೇಯಿಸಿದ ಗೆಣಸಿನಂತೆ ಅದುಮಿ ಹೋದರೆ ಆ ಕವಲಿನ ಆಸೆ ಬಿಡಿ, ಪಕ್ಕದ ಕವಲು ನೋಡಿ. ಬೋರ್ಡೋ ಬೇಡ.

ನಿಮಗೆ ಸಿಕ್ಕ ಸಲಹೆ ಸುಳ್ಳಲ್ಲ, ಊರು ತಪ್ಪಿದ ಸಲಹೆ. ಬೇಸಿಗೆಯ ಬಯಲುಸೀಮೆಯ ಮನೆಗೆ ಅದು ಸರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜುಲೈ ಒಂದರಲ್ಲೇ. ಹಗ್ಗದ ಮೇಲೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗದ, ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ ಗಿಡಕ್ಕೆ ತೇವದ ಗಾಳಿ ಸಾಲದು ಎನ್ನುವಂತಿಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಇಲ್ಲಿನ ಕ್ಯಾಲಥಿಯಾಕ್ಕೆ ಕೊರತೆಯಾಗುವುದು ಎರಡೇ: ಬೇರಿಗೆ ಉಸಿರು, ಎಲೆಗೆ ಬೆಳಕು.

ಗಿಡ ಬೇರಿನಿಂದ ನೀರೆಳೆಯುವುದು ಎಲೆಯಿಂದ ಆವಿ ಹೋದಷ್ಟೇ. ಸುತ್ತಲ ಗಾಳಿಯಲ್ಲಿ ಶೇ 90ರಷ್ಟು ತೇವವಿದ್ದರೆ ಆವಿ ಹೋಗುವುದು ಬಹಳ ಕಡಿಮೆ. ಮೇಲೆ ಮೋಡ ಕವಿದಿದ್ದರಂತೂ ಇನ್ನೂ ಕಡಿಮೆ. ಮೇ ತಿಂಗಳಲ್ಲಿ ಮೂರು ದಿನಕ್ಕೆ ಖಾಲಿಯಾಗುತ್ತಿದ್ದ ಒಂದು ಲೋಟ ನೀರು ಜುಲೈಯಲ್ಲಿ ಹತ್ತು ದಿನವಾದರೂ ಕುಂಡದಲ್ಲೇ ಇರುತ್ತದೆ. ನೀವು ಮೂರನೇ ದಿನಕ್ಕೆ ಮತ್ತೊಂದು ಲೋಟ ಸುರಿದಿರಿ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿದ್ದ ಜಾಗವನ್ನೆಲ್ಲ ನೀರು ತುಂಬಿತು. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಉಸಿರುಗಟ್ಟಿದ ಬೇರು ಸಾಯುತ್ತದೆ, ಸತ್ತ ಬೇರಿಗೆ ಪಿಥಿಯಂನಂಥ ಕೊಳೆ ಸೂಕ್ಷ್ಮಾಣುಗಳು ಬೀಳುತ್ತವೆ. ನೀರೆಳೆಯುವ ಬೇರೇ ಇಲ್ಲದ ಮೇಲೆ ತೊಟ್ಟಿನಿಂದ ಅತಿ ದೂರವಿರುವ ಎಲೆಯಂಚಿಗೆ ನೀರು ಮುಟ್ಟುವುದಿಲ್ಲ, ಅಲ್ಲಿಂದ ಒಣಗತೊಡಗುತ್ತದೆ. ನೋಡುವವರಿಗೆ ಬಾಯಾರಿದ ಗಿಡದಂತೆಯೇ ಕಾಣುತ್ತದೆ. ನೀರು ಕೊಡುತ್ತಾರೆ, ಗಿಡ ಇನ್ನಷ್ಟು ಒಣಗುತ್ತದೆ.

ಒಣ ಗಾಳಿಯಿಂದ ಬಂದ ಕಂದನ್ನೂ ಬೇರು ಕೊಳೆತು ಬಂದ ಕಂದನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಫೆಬ್ರವರಿಯಲ್ಲಿ ಬರುವ ಕಂದು ತೆಳು, ಹಪ್ಪಳದಂತೆ ಗರಿಗರಿ. ಅದಕ್ಕೂ ಹಸಿರಿಗೂ ನಡುವಿನ ಗೆರೆ ಸ್ಪಷ್ಟ, ಹೊಸ ಎಲೆ ಹಳೆ ಎಲೆ ಎಂದಿಲ್ಲದೆ ಎಲ್ಲದರಲ್ಲೂ ಒಂದಿಷ್ಟು ಇರುತ್ತದೆ. ಮಳೆಗಾಲದ್ದು ಕಪ್ಪು ಬೆರೆತ ಕಂದು, ಮುಟ್ಟಿದರೆ ಮೆತ್ತಗೆ, ಸುತ್ತ ಹಳದಿ ಅಂಚು, ಮೊದಲು ಕೆಳಗಿನ ಹಳೆ ಎಲೆಗಳಲ್ಲಿ. ಜೊತೆಗೆ ನೊಣ ಮತ್ತು ಬೂಷ್ಟು ಇದ್ದರೆ ಸಂಶಯವೇ ಬೇಡ. ಇನ್ನೊಂದು ಗುರುತು ರಾತ್ರಿಯ ನಡವಳಿಕೆ. ಎಲೆಯೂ ತೊಟ್ಟೂ ಕೂಡುವಲ್ಲಿ ಬೆರಳ ಗೆಣ್ಣಿನಂತೆ ಸ್ವಲ್ಪ ಉಬ್ಬಿದ ಒಂದು ಭಾಗವಿದೆ. ಅದರ ಒಂದು ಬದಿಯ ಕೋಶಗಳಿಂದ ಇನ್ನೊಂದು ಬದಿಗೆ ನೀರು ಸರಿದಾಗ ಎಲೆ ಮೇಲೇಳುತ್ತದೆ, ಬೆಳಗ್ಗೆ ಮತ್ತೆ ಬಾಗುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಎಲೆಗಳು ಕೈಮುಗಿದಂತೆ ನಿಲ್ಲದಿದ್ದರೆ ಗಿಡದೊಳಗಿನ ನೀರಿನ ಒತ್ತಡ ಕುಗ್ಗಿದೆ ಎಂದರ್ಥ. ಆದರೆ ಇಡೀ ರಾತ್ರಿ ದೀಪ ಉರಿಯುವ ಕೋಣೆಯಲ್ಲಿ ಈ ಪರೀಕ್ಷೆ ನಡೆಯದು. ಬೆಳಗ್ಗೆ ಎಲೆಯ ತುದಿಯಲ್ಲಿ ಹನಿ ನಿಂತಿದ್ದರೆ ಅದು ರೋಗವಲ್ಲ. ಬೇರು ಜೀವಂತವಿದೆ, ಮಣ್ಣು ತುಂಬ ಹಸಿಯಿದೆ, ಅಷ್ಟೇ.

ಈಗ ಗಿಡವನ್ನು ಹೊರತೆಗೆಯಿರಿ. ಮಳೆಗಾಲದಲ್ಲಿ ಕುಂಡ ಬದಲಿಸಬಾರದು ಎಂಬ ಮಾತಿದೆ, ಕೊಳೆಯುವ ಬೇರಿಗೆ ಅದು ಅನ್ವಯಿಸದು. ಕುಂಡದ ಬದಿಗಳನ್ನು ಅದುಮಿ, ಬುಡವನ್ನು ಅಂಗೈಯಲ್ಲಿ ಹಿಡಿದು ತಲೆಕೆಳಗೆ ಮಾಡಿದರೆ ಇಡೀ ಉಂಡೆ ಜಾರಿ ಬರುತ್ತದೆ. ಎಲೆ ಹಿಡಿದು ಎಳೆಯಬೇಡಿ. ನಡುವಿನ ಹಳೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಮಾನ್ಯವಾಗಿ ಚಹಾದ ಚರಟದಂತೆ ಅಂಟಿಕೊಂಡಿರುತ್ತದೆ. ಅದನ್ನು ಬೆರಳಿನಿಂದ ಬಿಡಿಸಿ, ಬಕೆಟ್ ನೀರಿನಲ್ಲಿ ಮೃದುವಾಗಿ ಅದ್ದಿ ತೊಳೆಯಿರಿ. ಈಗ ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯದ ಬೇರು ಬೆಳ್ಳಗೆ ಅಥವಾ ಕೆನೆಬಣ್ಣಕ್ಕೆ ಇದ್ದು ಗಟ್ಟಿಯಾಗಿ ನಿಲ್ಲುತ್ತದೆ. ಕೊಳೆತದ್ದರ ಹೊರ ಸಿಪ್ಪೆ ಕಾಲುಚೀಲದಂತೆ ಕಳಚಿ ಬೆರಳಿಗೆ ಬರುತ್ತದೆ, ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಬಿಳಿ ಭಾಗ ಸಿಗುವವರೆಗೂ ಕತ್ತರಿಸಿ. ಬೇರಿನ ತುದಿಯಲ್ಲಿ ಕಡಲೆಕಾಯಿ ಗಾತ್ರದ ಬಿಳಿ ಗೆಡ್ಡೆಗಳು ಕಂಡರೆ ಗಾಬರಿಯಾಗಬೇಡಿ, ಕತ್ತರಿಸಲೂಬೇಡಿ. ಅವು ಗಂಟುರೋಗವಲ್ಲ, ಈ ವಂಶದ ಹಲವು ಗಿಡಗಳು ನೀರೂ ಪಿಷ್ಟವೂ ಕೂಡಿಟ್ಟುಕೊಳ್ಳುವ ಕಣಜ. ಆರಾರೂಟ್ ಹಿಟ್ಟಿನ ಗಿಡವೂ ಇದೇ ಕುಟುಂಬದ್ದು. ಗಟ್ಟಿ ಗೆಡ್ಡೆ ನಾಲ್ಕಾರು ಉಳಿದಿದ್ದರೆ ಬೇರು ಮುಕ್ಕಾಲು ಹೋಗಿದ್ದರೂ ಗಿಡ ಚೇತರಿಸಿಕೊಳ್ಳಬಲ್ಲದು.

ಬೇರು ಕಡಿಮೆಯಾದಷ್ಟು ಎಲೆಯೂ ಕಡಿಮೆಯಾಗಬೇಕು. ಪೂರ್ತಿ ಹಳದಿಯಾದವನ್ನೂ ಅರ್ಧಕ್ಕಿಂತ ಹೆಚ್ಚು ಕಂದಾದವನ್ನೂ ಬುಡದಿಂದಲೇ ತೆಗೆಯಿರಿ. ಅಂಚು ಮಾತ್ರ ಕೆಟ್ಟ ಎಲೆ ಇರಲಿ, ನೋಡಲು ಚೆಂದವಿಲ್ಲದಿದ್ದರೂ ಅದು ಅಡುಗೆ ಮಾಡಿ ಹಾಕುತ್ತಿದೆ. ಅಂಚನ್ನು ಕತ್ತರಿಸಲೇಬೇಕೆನಿಸಿದರೆ ಕೂದಲೆಳೆಯಷ್ಟು ಕಂದು ಉಳಿಸಿ ಕತ್ತರಿಸಿ. ಹಸಿರಿಗೆ ಕತ್ತರಿ ತಾಗಿದರೆ ಹೊಸ ಗಾಯ, ಮತ್ತೆ ಹೊಸ ಕಂದು.

ಹೊಸ ಕುಂಡ ಚಿಕ್ಕದಿರಲಿ. ಉಳಿದ ಬೇರಿನ ಗೊಂಚಲಿಗಿಂತ ಸುತ್ತಲೂ ಒಂದು ಬೆರಳು ಅಗಲವಾದರೆ ಸಾಕು, ನಿಮ್ಮ ಗಿಡಕ್ಕೆ ಬಹುಶಃ ನಾಲ್ಕಿಂಚು. ಪಾಪ, ಗಿಡ ಸೊರಗಿದೆ ಎಂದು ದೊಡ್ಡ ಕುಂಡ ಕೊಡುವುದು ಈ ಹಂತದಲ್ಲಿ ಮಾಡುವ ಸಾಮಾನ್ಯ ತಪ್ಪು. ಬೇರಿಲ್ಲದ ಮಣ್ಣು ಒಣಗುವುದೇ ಇಲ್ಲ. ನಿಮ್ಮಲ್ಲಿ ಕಾಫಿ ನರ್ಸರಿ ಮಾಡುವವರಿದ್ದರೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳಿನ ಮಿಶ್ರಣ ಕೈಗೆ ಸಿಗುತ್ತದೆ. ಕಾಫಿ ಸಸಿಗೆ ಅದು ಒಳ್ಳೆಯದು, ಮನೆಯೊಳಗಿನ ಕ್ಯಾಲಥಿಯಾಕ್ಕೆ ಮಾತ್ರ ಮಣ್ಣು ಹೆಚ್ಚಾಗಿ ಗಟ್ಟಿಯಾಗುತ್ತದೆ. ಬದಲಿಗೆ ಹೀಗೆ ಬೆರೆಸಿ: ತೊಳೆದು ಹಿಂಡಿದ ಕೋಕೋಪೀಟ್ ಎರಡು ಲೋಟ, ಕಡಲೆಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗಿನ ತೆಂಗಿನ ಸಿಪ್ಪೆ ಚೂರು ಒಂದು ಲೋಟ, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಒಂದು ಲೋಟ, ಕುಟ್ಟಿದ ಇದ್ದಿಲು ಅರ್ಧ ಲೋಟ, ಜರಡಿ ಹಿಡಿದ ಎರೆಗೊಬ್ಬರ ಅರ್ಧ ಲೋಟ. ಪರ್ಲೈಟ್ ಸಿಗದಿದ್ದರೆ ಕರಕಲು ಮಾಡಿದ ಭತ್ತದ ಹೊಟ್ಟು ನಡೆಯುತ್ತದೆ. ಬೂದಿಯಾದದ್ದು ಬೇಡ, ಅದು ಕ್ಷಾರ. ಇದ್ದಿಲೂ ಒಲೆಯದ್ದಾದರೆ ಬೂದಿ ತೊಳೆದು ಹಾಕಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ಕಟ್ಟದೆ ಉದುರಬೇಕು. ಕುಂಡದ ತಳಕ್ಕೆ ಕಲ್ಲು ಹಾಕುವ ರೂಢಿ ಬಿಡಿ. ನೀರು ಕಲ್ಲಿನ ಮೇಲಿನ ಪದರದಲ್ಲೇ ನಿಲ್ಲುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ ಬಂದಂತಾಗುತ್ತದೆ. ತೂತಿಗೆ ಒಂದು ತುಂಡು ಬಲೆ ಸಾಕು.

ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆಂದು ತಂದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಮನೆಯಲ್ಲಿದ್ದರೆ, ಅವಧಿ ಮೀರದಿದ್ದರೆ, ಒಂದು ಟೀ ಚಮಚ ಈ ಮಿಶ್ರಣಕ್ಕೆ ಬೆರೆಸಿ. ಅದು ಮುಂದೆ ಬರುವ ಕೊಳೆಗೆ ತಡೆ, ಬಂದ ಕೊಳೆಗೆ ಮದ್ದಲ್ಲ. ಬೋರ್ಡೋ ಏಕೆ ಬೇಡ ಎಂದರೆ, ನಿಮ್ಮ ಗಿಡದ ರೋಗ ಎಲೆಯಲ್ಲಿಲ್ಲ. ಮೈಲುತುತ್ತದ ತಾಮ್ರ ಕ್ಯಾಲಥಿಯಾದ ತೆಳು ಎಲೆಯನ್ನು ಸುಡಬಹುದು, ನೀಲಿ ಕಲೆ ಅಂಟಿದರೆ ಹೋಗದು. ತಾಮ್ರ ಬಿದ್ದರೆ ಟ್ರೈಕೋಡರ್ಮಾವೂ ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬೋರ್ಡೋ ಮಾಡಿದ ದಿನವೇ ಬಳಸಿ ಮುಗಿಸಬೇಕಾದ ದ್ರಾವಣ. ಉಳಿಸಿಟ್ಟದ್ದು ಕಾಫಿಗೂ ಮೆಣಸಿಗೂ ಕೂಡ ಕೆಲಸಕ್ಕೆ ಬಾರದು.

ನೆಟ್ಟ ಮೇಲೆ ನೂರೈವತ್ತು ಮಿ.ಲೀ. ನೀರು ನಿಧಾನವಾಗಿ ಸುತ್ತಲೂ ಹಾಕಿ, ತಳದಿಂದ ಬಸಿಯಲು ಅರ್ಧ ಗಂಟೆ ಬಿಡಿ. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಕುಂಡವನ್ನು ತೂಗಿ ತೂಕ ಬರೆದಿಡಿ. ಬೆರಳು ಚುಚ್ಚಿ ನೋಡುವುದಕ್ಕಿಂತ ಇದು ವಾಸಿ, ಏಕೆಂದರೆ ಮಳೆಗಾಲದಲ್ಲಿ ಬೆರಳಿಗೆ ಎಲ್ಲವೂ ತಣ್ಣಗೆ ಒದ್ದೆಯಾಗಿಯೇ ತೋರುತ್ತದೆ. ಬಸಿದ ಮೇಲೆ 600 ಗ್ರಾಂ ಇದ್ದ ಕುಂಡ 450ರ ಹತ್ತಿರ ಇಳಿದಾಗ ಮತ್ತೆ ನೀರು. ಈ ತಿಂಗಳು ಅದಕ್ಕೆ ಹತ್ತು ದಿನವೂ ಆಗಬಹುದು, ಹದಿನಾಲ್ಕೂ ಆಗಬಹುದು. ದಿನ ಎಣಿಸಬೇಡಿ. ಪಿಂಗಾಣಿ ಕುಂಡ ಬೇಕೇ ಬೇಕೆಂದರೆ ತಳಕ್ಕೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಕುಂಡ ಇಡಿ, ನೀರು ಹಾಕುವಾಗ ಮಾತ್ರ ಹೊರತೆಗೆಯಿರಿ.

ನೊಣಗಳಿಗೆ ಬೇರೆ ಯುದ್ಧ ಬೇಡ. ಅವುಗಳ ಮರಿಹುಳು ಮೇಲಿನ ಒಂದಂಗುಲ ಹಸಿ ಮಣ್ಣಿನಲ್ಲಿ ಬೂಷ್ಟನ್ನೂ ಎಳೆ ಬೇರನ್ನೂ ತಿಂದು ಬದುಕುತ್ತದೆ. ಆ ಪದರ ಒಣಗಿದರೆ ಸಂತಾನ ನಿಲ್ಲುತ್ತದೆ. ಹಾರಾಡುವವಕ್ಕೆ ಹಳದಿ ಅಂಟು ಕಾಗದ ಕುಂಡದ ಮಟ್ಟದಲ್ಲಿ ಒಂದು ತಿಂಗಳು ಇರಲಿ, ಒಂದು ತಲೆಮಾರು ಮುಗಿಯಲು ಮೂರು ನಾಲ್ಕು ವಾರ ಬೇಕು. ಬಿಳಿ ಬೂಷ್ಟು ಗಿಡಕ್ಕೆ ಅಪಾಯವಲ್ಲ, ಹಸಿ ಹೆಚ್ಚಾಗಿದೆ ಎಂಬ ಸುದ್ದಿ ಮಾತ್ರ.

ಇನ್ನು ಜಾಗ. ಬ್ರೆಜಿಲ್‌ನ ಕಾಡಿನ ನೆಲದಲ್ಲಿ ಮರಗಳ ಅಡಿ ಬೆಳೆಯುವ ಗಿಡ ಎಂದು ಇದನ್ನು ಕತ್ತಲೆ ಮೂಲೆಗೆ ಇಡುತ್ತಾರೆ. ಕಾಡಿನ ನೆರಳು ಬೇರೆ, ಟಿ.ವಿ. ಪಕ್ಕದ ನೆರಳು ಬೇರೆ. ಹಂಚಿನ ಮಾಡು ಜಗಲಿಯವರೆಗೆ ಇಳಿದಿರುವ ನಮ್ಮ ಮನೆಗಳಲ್ಲಿ, ಮಂಜು ಮುಸುಕಿದ ದಿನ ಕಿಟಕಿಯಿಂದ ಹತ್ತಡಿ ಒಳಗೆ ಮಧ್ಯಾಹ್ನವೂ ಓದಲು ದೀಪ ಬೇಕು. ಫೋನಿನ ಬೆಳಕಿನ ಮಾಪಕದಲ್ಲಿ ನೋಡಿ: ಎಲೆಯ ಮಟ್ಟದಲ್ಲಿ 2,000ದಿಂದ 5,000 ಲಕ್ಸ್ ಇದ್ದರೆ ಒಳ್ಳೆಯದು, 800ರ ಕೆಳಗಿದ್ದರೆ ಗಿಡ ಕೂಡಿಟ್ಟದ್ದನ್ನೇ ತಿನ್ನುತ್ತಿರುತ್ತದೆ. ಫೋನಿನ ಲೆಕ್ಕ ನಿಖರವಲ್ಲ, ಎರಡು ಜಾಗ ಹೋಲಿಸಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ವ ಅಥವಾ ಉತ್ತರದ ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ಇರಲಿ. ಅಷ್ಟು ಬೆಳಕಿನ ಕಿಟಕಿಯೇ ಇಲ್ಲದಿದ್ದರೆ 15 ವ್ಯಾಟ್‌ನ ಬಿಳಿ ಎಲ್ಇಡಿ ಬಲ್ಬನ್ನು ಎಲೆಗಳಿಂದ ಒಂದೂಕಾಲು ಅಡಿ ಮೇಲೆ ತೂಗಿ ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಉರಿಸಿ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಚಿಂತೆಯಿಲ್ಲ, ಅದೇನೂ ಹೊಸದಲ್ಲವಲ್ಲ. ಬೆಳಕು ಬೇಕೆಂದು ಹೊರಗೆ ಸೂರಿನಡಿ ಮಾತ್ರ ಇಡಬೇಡಿ, ಹಂಚಿನ ಧಾರೆ ಬುಡ ಕೊಚ್ಚುತ್ತದೆ, ಒಂದೇ ರಾತ್ರಿಯಲ್ಲಿ ಬಸವನಹುಳು ಎಲೆಯನ್ನು ಜರಡಿ ಮಾಡುತ್ತದೆ. ಬಟ್ಟೆ ಒಣಗಿಸಲು ಬೆಂಕಿ ಹಾಕುವ ಕೋಣೆ, ಹೀಟರಿನ ಎದುರು, ಒಗ್ಗರಣೆ ಹೊಗೆ ಬಡಿಯುವ ಅಡುಗೆಮನೆ ಇವೂ ಬೇಡ.

ಗಿಡಗಳ ನಡುವೆ ಒಂದು ಗೇಣು ಅಂತರ ಬಿಡಿ. ಗುಂಪಾಗಿಟ್ಟರೆ ತೇವ ಹೆಚ್ಚುತ್ತದೆ ಎಂಬ ಸಲಹೆಯೂ ಒಣ ಊರಿನದ್ದೇ. ಎಲೆ ಮೇಲೆ ನೀರು ನಿಂತರೆ ಎಲೆಚುಕ್ಕೆ ರೋಗ ಬರುತ್ತದೆ. ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿದರೆ ಸಾಕು.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಇಣುಕತೊಡಗಿದಾಗ ಮೊದಲ ಹೊಸ ಎಲೆ ಬೀಡಿಯಂತೆ ಸುತ್ತಿಕೊಂಡು ಬರಬಹುದು. ಅದನ್ನು ಬಿಡಿಸಲು ಕೈ ಹಾಕಬೇಡಿ. ಗೊಬ್ಬರವನ್ನೂ ಅಲ್ಲಿಂದಲೇ ಶುರುಮಾಡಿ: ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿಗೆ. ಮಳೆಗಾಲದ ನಡುವೆಯೂ ಡಿಸೆಂಬರ್ ಜನವರಿಯಲ್ಲೂ ಬೇಡ. ಬೆಳೆಯದ ಗಿಡಕ್ಕೆ ಕೊಟ್ಟ ಉಪ್ಪು ಮಣ್ಣಿನಲ್ಲೇ ಉಳಿದು ತುದಿ ಸುಡುತ್ತದೆ.

ಹುತ್ತರಿ ಸುಗ್ಗಿಹಬ್ಬದಿಂದಾಚೆ (ನವೆಂಬರ್–ಡಿಸೆಂಬರ್) ಚಳಿ. ಕ್ಯಾಲಥಿಯಾಕ್ಕೆ 18ರಿಂದ 27 ಡಿಗ್ರಿ ಹಿತ, 15ರ ಕೆಳಗೆ ಬೇರು ಕೆಲಸ ನಿಧಾನಿಸುತ್ತದೆ, ಎಲೆ ಸುರುಳಿಯಾಗುತ್ತದೆ. ಕುಂಡವನ್ನು ರೆಡ್ ಆಕ್ಸೈಡ್ ನೆಲದಿಂದ ಎತ್ತಿ ಮರದ ಸ್ಟೂಲಿನ ಮೇಲಿಡಿ, ಸಂಜೆಯಾದರೆ ಕಿಟಕಿಯ ಗಾಜಿನಿಂದ ಒಳಕ್ಕೆ ಸರಿಸಿ. ನೀರು ಬೆಳಗ್ಗೆ ಹತ್ತರ ಮೇಲೆ, ಕೋಣೆಯ ಬಿಸುಪಿನದ್ದು. ಟ್ಯಾಂಕಿನ ಮಂಜುಗಡ್ಡೆಯಂಥ ನೀರು ಬೇಡ.

ನೀವು ಈಗ ಎತ್ತಿಟ್ಟ ಸಲಹೆಗೆ ಕಾಲ ಬರುವುದು ಜನವರಿಯ ಕೊನೆಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ. ಆಗ ಮಧ್ಯಾಹ್ನದ ಗಾಳಿ ನಿಜವಾಗಿಯೂ ಒಣ. ಮುನ್ನೂರು ನಾನೂರು ರೂಪಾಯಿಯ ಗಾಳಿಯ ತೇವಾಂಶ ಮಾಪಕ ತಂದು ಗಿಡದ ಪಕ್ಕ ಇಡಿ, ಶೇ 50ರ ಕೆಳಗೆ ಇಳಿದರೆ ಗಿಡಗಳನ್ನು ಒತ್ತೊತ್ತಾಗಿ ಜೋಡಿಸಿ, ಅಥವಾ ಬೆಳಕಿರುವ ಸ್ನಾನದ ಮನೆಗೆ ಒಯ್ಯಿರಿ. ಸ್ಪ್ರೇ ಆಗಲೂ ಹತ್ತು ನಿಮಿಷದ ಸಮಾಧಾನವೇ. ಜೇಡನುಸಿ ಬರುವ ಕಾಲವೂ ಅದೇ: ಎಲೆಯ ಮೇಲೆ ಉಪ್ಪು ಉದುರಿದಂತೆ ಬಿಳಿ ಚುಕ್ಕಿ, ಅಡಿಯಲ್ಲಿ ನರದ ಪಕ್ಕ ಸಣ್ಣ ಬಲೆ. ಎಲೆಯಡಿಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಬೀಳುವ ಧೂಳಿನ ಕಣಗಳು ನಡೆಯತೊಡಗುತ್ತವೆ. ಎಲೆಯ ಅಡಿಬದಿಯನ್ನು ನಲ್ಲಿ ನೀರಿನಲ್ಲಿ ತೊಳೆದು, ಲೀಟರ್ ನೀರಿಗೆ ಐದು ಮಿ.ಲೀ. ಬೇವಿನೆಣ್ಣೆ ಮತ್ತು ಎರಡು ಮಿ.ಲೀ. ದ್ರವ ಸೋಪು ಕಲಕಿ ಸಂಜೆ ಒರೆಸಿ. ಮೊದಲು ಒಂದೇ ಎಲೆಗೆ, ಎರಡು ದಿನ ನೋಡಿ ಉಳಿದವಕ್ಕೆ. ವಾರಕ್ಕೊಮ್ಮೆಯಂತೆ ಮೂರು ಸಲ.

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆಯೇ? ಹಾಗಿದ್ದರೆ ಆ ನೀರು ಈ ಗಿಡಕ್ಕೆ ಬೇಡ. ಲವಣಕ್ಕೂ ಫ್ಲೋರೈಡಿಗೂ ಕ್ಯಾಲಥಿಯಾ ತುಂಬ ಸೂಕ್ಷ್ಮ, ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಅವು ಹೋಗವು. ಅಕ್ಟೋಬರ್ ಮಳೆಯಲ್ಲಿ ಮಾಡು ತೊಳೆದು ಹೋದ ಮೇಲಿನ ನೀರನ್ನು ಇಪ್ಪತ್ತು ಲೀಟರಿನ ಒಂದು ಕ್ಯಾನಿಗೆ ಹಿಡಿದು ಮುಚ್ಚಿಡಿ. ಈ ಗಾತ್ರದ ಒಂದು ಗಿಡಕ್ಕೆ ಏಪ್ರಿಲ್‌ವರೆಗೆ ಅಷ್ಟು ಸಾಕು.

ತಂಗಿಗೆ ಈ ವರ್ಷ ಕೊಡಬೇಡಿ. ಎಲೆ ತುಂಡು ನೀರಿನಲ್ಲಿಟ್ಟರೆ ಕ್ಯಾಲಥಿಯಾ ಬೇರು ಬಿಡುವುದಿಲ್ಲ, ಬುಡ ಬಿಡಿಸಿಯೇ ಕೊಡಬೇಕು. ಬರುವ ಏಪ್ರಿಲ್‌ನಲ್ಲಿ, ಹೂಮಳೆ ಆದ ಮೇಲೆ, ಗಿಡದಲ್ಲಿ ಆರೋಗ್ಯದ ಎಲೆ ಎಂಟಾದರೂ ಇದ್ದರೆ, ಸ್ವಂತ ಬೇರೂ ಮೂರ್ನಾಲ್ಕು ಎಲೆಯೂ ಇರುವ ಕವಲನ್ನು ಕೈಯಿಂದಲೇ ಬಿಡಿಸಿ ಕೊಡಿ. ಕುಶಾಲನಗರದಲ್ಲಿ ಮಳೆ ನಿಮ್ಮಲ್ಲಿಗಿಂತ ಬಹಳ ಕಡಿಮೆ, ಬಿಸಿಲು ಹೆಚ್ಚು. ಹಾಗಾಗಿ ಅವರ ಮಿಶ್ರಣದಲ್ಲಿ ತೆಂಗಿನ ಸಿಪ್ಪೆ ಚೂರು ಅರ್ಧ ಲೋಟಕ್ಕೆ ಇಳಿಸಿ ಕೋಕೋಪೀಟ್ ಅಷ್ಟೇ ಹೆಚ್ಚಿಸಲಿ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ತೂಕ ನೋಡಲಿ.